ಸ್ವಂತ ತಿಳಿವಳಿಕೆಗೆ ನಿಜ

ಹೊಳೆಕೊಪ್ಪ, ತಾ. ಸವದತ್ತಿ
೧೧ ಮಾರ್ಚ್ ೧೯೭೪, ಸೋಮವಾರ

ರಾಮದುರ್ಗದ ಮಾಸ್ತರರಿಗೆ ಸಾವಂತ್ರೆವ್ವ ಮಾಡುವ ನಮಸ್ಕಾರಗಳು.

ಹಿಂದೆ ನಿಮಗೆ ಕಾಗದ ಬರೆಯುವಾಗ ತಲೆಗೆ ಮೂರು ಸಾಲು ಒಕ್ಕಣೆ ಹಾಕುತ್ತಿದ್ದೆ. ವಿಷಯಕ್ಕಿಂತ ನಮಸ್ಕಾರವೇ ಜಾಸ್ತಿ ಎಂದು ನೀವು ನಗುತ್ತಿದ್ದಿರಿ. ಈ ಸಲ ನಮಸ್ಕಾರ ಒಂದೇ ಇದೆ, ವಿಷಯ ಬಹಳ ಇದೆ. ನಾನು ಆರಾಮ ಇದ್ದೇನೆ ಎಂದು ಬರೆಯುವುದು ರೂಢಿ. ಊಟ ಸೇರುತ್ತದೆ, ಸವದತ್ತಿಗೆ ಹೋಗಿ ಬರುವ ಬಸ್ಸಿನಲ್ಲಿ ಕೂತಲ್ಲೇ ಕಣ್ಣು ಮುಚ್ಚುತ್ತದೆ. ಇದಕ್ಕೆ ಆರಾಮ ಎನ್ನುವುದಾದರೆ ಆರಾಮ ಇದ್ದೇನೆ.

ನಿಮ್ಮ ರಾಯಪ್ಪ ಕಾಕಾ ಹದಿನೈದು ದಿನದ ಹಿಂದೆ ಬಿಡುಗಡೆಯ ಸೋಡಚೀಟಿ ತಂದು ಕೊಟ್ಟು ಹೋದರು. ನಾನು ಸಹಿ ಮಾಡಬೇಕಾದ ಜಾಗಕ್ಕೆ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿದ್ದೀರಿ. ಅಕ್ಷರ ನಿಮ್ಮದೇ, ಸಾಲಿ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದ ಹಾಗೆ ದುಂಡಗಿದೆ. ಅತ್ತೆಯವರು ಗೋಕಾಕದ ಕಡೆ ಹುಡುಗಿ ನೋಡಿ ಬಂದಿದ್ದಾರೆ, ಬಿಡುಗಡೆ ಆಗದೆ ಹುಡುಗಿಯ ಕಡೆಯವರು ಮಾತು ಮುಂದುವರಿಸುವುದಿಲ್ಲವಂತೆ ಎಂದು ಕಾಕಾ ನೆಲ ನೋಡುತ್ತ ಹೇಳಿದರು. ಅವರಿಗೆ ಚಹಾ ಮಾಡಿ ಕೊಟ್ಟೆ. "ನನ್ನ ಮ್ಯಾಲ ಸಿಟ್ಟ ಆಗಬ್ಯಾಡವಾ, ನಾ ಬರೇ ಟಪಾಲದವ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಈಗ ನೀವು ಎರಡನೆಯ ಸಲ ಹೇಳಿ ಕಳಿಸಿದ್ದೀರಿ, ಯಾಕೆ ತಡ ಎಂದು. ಅದಕ್ಕೇ ಈ ಕಾಗದ.

ಚೀಟಿಯಲ್ಲಿ ಒಂದು ಸಾಲಿದೆ: "ಹೆಂಡತಿಯ ನಡತೆಯ ಬಗ್ಗೆ ಪತ್ರಿಕೆಯಲ್ಲಿ ಪ್ರಕಟವಾದ ಸಂಗತಿಯಿಂದ ಗಂಡನ ಮನಸ್ಸು ಮುರಿದ ಕಾರಣ." ಆ ಸಾಲಿನ ಕೆಳಗೆ ನಾನು ಸಹಿ ಮಾಡುವುದಿಲ್ಲ. ಅದೇ ಪತ್ರಿಕೆಯ ಮೇಲೆ ಮಾನನಷ್ಟದ ದಾವೆ ಹಾಕಲು ಹೊರಟವಳು ನಾನು. ಒಂದು ಕೈಯಿಂದ ಸುಳ್ಳು ಎಂದು ದಾವೆಗೆ, ಇನ್ನೊಂದು ಕೈಯಿಂದ ನಿಜ ಎಂದು ಚೀಟಿಗೆ ಸಹಿ ಹಾಕಲು ನನಗೆ ಬರುವುದಿಲ್ಲ. ಬರುವ ಶನಿವಾರಕ್ಕೆ ಆ ಪೇಪರು ಬಂದು ಒಂದು ವರ್ಷ. ಅಷ್ಟರಲ್ಲಿ ದಾವೆ ಹಾಕದಿದ್ದರೆ ಮುದ್ದತು ತೀರಿತು, ಆಮೇಲೆ ಬ್ರಹ್ಮ ಬಂದರೂ ಕೇಳುವವರಿಲ್ಲ ಎಂದು ವಕೀಲರು ಹೇಳಿದ್ದಾರೆ. ನನ್ನ ನರ್ಸಿನ ನೌಕರಿಯ ವಿಚಾರಣೆಯೂ ಕೋರ್ಟು ಏನು ಹೇಳುತ್ತದೆ ಎಂದು ಕಾದು ಕೂತಿದೆ. ಈ ದಾವೆ ಬಿದ್ದರೆ, ಪೇಪರಿನವ ಬರೆದ ಹಾಗೆ, ನಾನು ಸಾಹೇಬರ ಬಂಗಲೆಗೆ ಹೋದವಳೇ ಆಗುತ್ತೇನೆ, ಸಾಯುವ ತನಕ.

ದಾವೆ ಎಂದರೆ ಹೋಗಿ "ನನ್ನ ಮಾನ ತೆಗೆದರು" ಎಂದು ಅತ್ತರೆ ಆಯಿತು ಎಂದು ನಾನೂ ತಿಳಿದಿದ್ದೆ. ಸವದತ್ತಿಯ ಕೃಷ್ಣಾಜಿ ವಕೀಲರು ಮೊದಲ ದಿನವೇ ಆ ಭ್ರಮೆ ಬಿಡಿಸಿದರು. ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು, ಮಾತಿಗೊಮ್ಮೆ ನಶ್ಯ ಏರಿಸುತ್ತಾರೆ. "ಮಾನ ಹೋತು ಅಂದ್ರ ಸಾಲೂದಿಲ್ರಿ ಬಾಯಾರ. ಯಾವ ಮಾತಿನಿಂದ ಹೋತು, ಯಾವ ತಾರೀಖಿಗೆ ಹೋತು, ಯಾರ ಮುಂದ ಹೋತು, ಇಷ್ಟೂ ಅರ್ಜಿಯೊಳಗ ಬರೀಬೇಕು. ಪೇಪರಿನವ ಹೆಂಗ ಬರದಾನ ಹಂಗಽ. ಒಂದ ಅಕ್ಷರ ಹೆಚ್ಚಿಲ್ಲ, ಒಂದ ಅಕ್ಷರ ಕಡಿಮಿ ಇಲ್ಲ. ಕೋರ್ಟಿಗೆ ಸಾರಾಂಶ ಬ್ಯಾಡ, ಅಕ್ಷರ ಬೇಕು" ಅಂದರು.

ಅಕ್ಷರ ಎಲ್ಲಿಂದ ತರಲಿ? ಬೈಲಹೊಂಗಲದಿಂದ ಆ "ದೀವಟಿಗೆ" ವಾರಪತ್ರಿಕೆ ನಮ್ಮೂರಿಗೆ ಬರುತ್ತಿದ್ದದ್ದು ಹನ್ನೊಂದು ಪ್ರತಿ. ನನ್ನ ಸುದ್ದಿಯ ಸಂಚಿಕೆ ಬಂದದ್ದು ಕಳೆದ ವರ್ಷ ಹೋಳಿ ಹುಣ್ಣಿಮೆಯ ಹಿಂದಿನ ಶುಕ್ರವಾರ. ನನ್ನ ತಮ್ಮ ಬಾಳು ಸುದ್ದಿ ಕೇಳಿ ಮಾರ್ಕೆಟ್ ಯಾರ್ಡಿನ ಕೆಲಸ ಬಿಟ್ಟು ಓಡಿ ಬಂದ. ಮನೆ ಮನೆಗೆ ಹೋಗಿ ಕೆಲವರಿಗೆ ಕೈಮುಗಿದು, ಕೆಲವರಿಗೆ ತೋಳು ಮಡಿಚಿ ತೋರಿಸಿ ಪೇಪರು ಕೂಡಿಸಿದ. ಎಲ್ಲವನ್ನೂ ಒಯ್ದು ಕಾಮಣ್ಣನ ಬೆಂಕಿಗೆ ಹಾಕಿದ. ಊರವರು ಲಬೋ ಲಬೋ ಹೊಯ್ದುಕೊಂಡರು, ಇವನೂ ಹೊಯ್ದುಕೊಂಡ. ಅಕ್ಕನ ಮೇಲಿನ ಕಳಂಕ ಕಾಮಣ್ಣನ ಸಂಗಡ ಸುಟ್ಟು ಬೂದಿಯಾಯಿತು ಎಂದು ಹಿಗ್ಗಿ ಬಂದ ಅವನಿಗೆ ಅವತ್ತು ನಾನೇ ಹೋಳಿಗೆ ಬಡಿಸಿದೆ. ಅವನು ಸುಟ್ಟದ್ದು ನನ್ನ ಪುರಾವೆ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಹಳೆಯ ಸಂಚಿಕೆ ಕೇಳಲು ಬೈಲಹೊಂಗಲದ ಆ ಆಫೀಸಿಗೆ ನಾನೇ ಹೋಗಿದ್ದೆ. ಸಂಪಾದಕರು ಕುರ್ಚಿ ಕೊಟ್ಟು ಕೂರಿಸಿ, ಒಂದು ಪ್ರತಿಯೂ ಉಳಿದಿಲ್ಲ ಎಂದು ನಗುತ್ತಾ ಹೇಳಿದರು. ಕಳೆದ ವರ್ಷ ನೀವು ತಂದಿದ್ದ ಪ್ರತಿ ನಿಮ್ಮ ಮನೆಯಲ್ಲಿ ಇರಬೇಕೆಂದು ಡಿಸೆಂಬರಿನಲ್ಲಿ ನಿಮಗೆ ಕಾಗದ ಬರೆದೆ. ಉತ್ತರ ಬರಲಿಲ್ಲ. ಬರುತ್ತದೆ ಎಂದು ನಾನೂ ಬಹಳ ಕಾಯಲಿಲ್ಲ ಬಿಡಿ.

ಜನವರಿಯಲ್ಲಿ ವಕೀಲರು ನೆನಪಿನ ಮೇಲೆ ಒಂದು ಅರ್ಜಿ ಮಾಡಿದರು. "ವಾದಿಯ ನಡತೆ ಕೆಟ್ಟದ್ದೆಂಬ ಅರ್ಥ ಬರುವ ಹಾಗೆ ಪ್ರತಿವಾದಿಯು ಬರೆದಿದ್ದಾನೆ" ಎಂದಿತ್ತು ಅದರಲ್ಲಿ. ಮುನ್ಸೀಫರು ವಯಸ್ಸಿನಲ್ಲಿ ಸಣ್ಣವರು, ಕನ್ನಡಕದ ಮೇಲಿಂದ ನೋಡಿ, ಅರ್ಥ ಏನು ಬರುತ್ತದೆ ಎಂದು ಹೇಳುವುದು ನನ್ನ ಕೆಲಸ, ಶಬ್ದ ಯಾವುವು ಎಂದು ಹೇಳುವುದು ನಿಮ್ಮ ಕೆಲಸ, ಅವು ಇಲ್ಲಿ ಒಂದೂ ಇಲ್ಲವಲ್ಲ ಎಂದರು. ಅರ್ಜಿ ವಾಪಸು ಬಂತು. ಹೊರಗೆ ಕಟ್ಟೆಯ ಮೇಲೆ ಕೂತು ವಕೀಲರು ನಶ್ಯ ಏರಿಸಿದರು. "ಅವರು ಹೇಳಿದ್ದು ಖರೇ ಅದ" ಅಂದರು. ಬಾಳು ತಲೆಯ ಮೇಲೆ ಕೈ ಹೊತ್ತು ಅತ್ತ. ನಾನು ಅಳಲಿಲ್ಲ. ಮೂರೂವರೆಯ ಬಸ್ಸು ತಪ್ಪಿದರೆ ಆರರ ತನಕ ಇಲ್ಲ ಎಂಬ ಯೋಚನೆ ನನಗೆ.

ಪ್ರತಿ ಸಿಕ್ಕದ್ದು ಹೇಗೆ ಎಂದು ಕೇಳಿದರೆ ನೀವೂ ನಗುತ್ತೀರಿ. ಫೆಬ್ರವರಿ ಕೊನೆಗೆ ಮಕ್ಕಳಿಗೆ ಸಿಡುಬಿನ ದೇವಿ ಹಾಕುತ್ತ ಕೆಂಪವ್ವನ ಮನೆಗೆ ಹೋದೆ. ಯಾವ ಕೆಂಪವ್ವ ಎಂದು ನಿಮಗೆ ಗೊತ್ತು. ಅವತ್ತು ಸಂಜೆ ದವಾಖಾನೆಗೆ ಕೀಲಿ ಇದ್ದಾಗ ಬಾಗಿಲ ಮುಂದೆ ಚಕ್ಕಡಿಯಲ್ಲಿ ಹಡೆದದ್ದು ಅವಳ ಸೊಸೆ. ಹೊಕ್ಕಳ ಬಳ್ಳಿ ಕೊಯ್ದದ್ದು ಕೆಂಪವ್ವ, ಕುಡುಗೋಲಿನಿಂದ. ಮರುದಿನ ಮುಂಜಾನೆ ನಾನು ಹೋಗಿ ಇಂಜೆಕ್ಷನ್ ಕೊಟ್ಟೆ. ತಾಯಿ ಮಗು ಇಬ್ಬರೂ ಉಳಿದರು. ಅವರೇನಾದರೂ ಉಳಿಯದೆ ಹೋಗಿದ್ದರೆ ನಾನು ಯಾವ ಪೇಪರಿನ ಮೇಲೂ ದಾವೆ ಹಾಕುತ್ತಿರಲಿಲ್ಲ. ಅದಾದ ಮೇಲೆ ಆ ಮನೆಯವರು ನನ್ನನ್ನು ಒಳಗೆ ಕರೆದಿರಲಿಲ್ಲ. ಸರಕಾರಿ ಕೆಲಸ, ಹೋಗಲೇಬೇಕೆಂದು ಹೋದೆ.

ರಿಜಿಸ್ಟರಿಗೆ ಹುಡುಗನ ಹುಟ್ಟಿದ ತಾರೀಖು ಕೇಳಿದೆ. ನನಗೆ ಅದು ಗೊತ್ತಿಲ್ಲವೇ? ಆದರೂ ಕೇಳಿ ಬರೆದುಕೊಳ್ಳಬೇಕು, ಪದ್ಧತಿ. ಕೆಂಪವ್ವ ಒಳಗೆ ಹೋಗಿ ದೇವರ ಜಗಲಿಯ ಮೇಲಿಂದ, ಯಲ್ಲಮ್ಮನ ಭಂಡಾರದ ಡಬ್ಬಿಯ ಕೆಳಗಿಂದ, ಮಡಿಚಿದ ಹಾಳೆ ತಂದು ಕೈಗೆ ಕೊಟ್ಟಳು. "ತಾರೀಖ ಇದರಾಗ ಇರಬೇಕ ನೋಡ್ರಿ. ನನ್ನ ಮೊಮ್ಮಗ ಹುಟ್ಟಿದ್ದು ಪೇಪರಿನ್ಯಾಗ ಬಂದೈತಿ." ಬಿಚ್ಚಿದರೆ ಅದೇ ದೀವಟಿಗೆ, ಅದೇ ಮೂರನೆಯ ಪುಟ, ಮೈಯೆಲ್ಲ ಅರಿಷಿಣ ಬಣ್ಣ. ಓದು ಬಾರದ ಮುದುಕಿ, ತನ್ನ ವಂಶದ ಮಗ ಅಚ್ಚಿನಲ್ಲಿ ಬಂದ ಎಂದು ದೇವರ ಹತ್ತಿರ ಇಟ್ಟಿದ್ದಾಳೆ. ಬಾಳು ಪೇಪರು ಕೂಡಿಸಲು ಬಂದಾಗ ಇಲ್ಲ ಎಂದು ಸುಳ್ಳು ಹೇಳಿದ್ದಳು.

ಇದನ್ನು ನನಗೆ ಕೊಡುತ್ತೀಯಾ ಎಂದು ಕೇಳಿದೆ. ಹಾಳೆ ಎಳೆದುಕೊಂಡು ಎದೆಗೆ ಹಿಡಿದಳು. "ನೀವು ಸುಡತೀರಿ" ಅಂದಳು. ಸುಡುವುದಿಲ್ಲ, ಕೋರ್ಟಿಗೆ ಕೊಡುತ್ತೇನೆ, ಅಲ್ಲಿ ನಂಬರು ಹಾಕಿ ಪೆಟ್ಟಿಗೆಯಲ್ಲಿ ಇಡುತ್ತಾರೆ ಎಂದೆ. ಸರಕಾರದ ಪೆಟ್ಟಿಗೆ ಎಂಬುದು ಅವಳಿಗೆ ಹಿಡಿಸಿತು. ಕೊಟ್ಟಳು.

ಹೀಗೆ ಅಕ್ಷರ ಸಿಕ್ಕಿತು. ನೀವು ಒಂದು ಸಲ ಓದಿ ಎಸೆದದ್ದನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಹೀಗಿದೆ ಅದು: "ಹೊಳೆ ದಂಡೆಯ ಊರೊಂದರ ಹೆರಿಗೆ ದವಾಖಾನೆಗೆ ಕಳೆದ ವಾರದ ಮಂಗಳವಾರ ಸಂಜೆ ಕೀಲಿ ಬಿದ್ದಿತ್ತು. ಬೇನೆ ತಿನ್ನುತ್ತಿದ್ದ ಹೆಣ್ಣುಮಗಳು ಬಾಗಿಲ ಮುಂದೆ ಚಕ್ಕಡಿಯಲ್ಲೇ ಹಡೆದಳು. ಆ ಹೊತ್ತಿಗೆ ಅಲ್ಲಿಯ ನರ್ಸಬಾಯಿಯು ಕಾಲುವೆ ಬಂಗಲೆಯಲ್ಲಿ ಸಾಹೇಬರೊಬ್ಬರ ಸೇವೆಯಲ್ಲಿ ಮಗ್ನಳಾಗಿದ್ದಳೆಂದೂ ಇದು ಆಕೆಯ ಎಂದಿನ ರೂಢಿಯೆಂದೂ ಜನ ಆಡಿಕೊಳ್ಳುತ್ತಿದ್ದಾರೆ."

ವಕೀಲರು ಕೆಂಪು ಪೆನ್ಸಿಲು ನನ್ನ ಕೈಗೆ ಕೊಟ್ಟು, ಇದರಲ್ಲಿ ಸುಳ್ಳು ಎಷ್ಟು, ಅಷ್ಟಕ್ಕೇ ಗೆರೆ ಎಳೆಯಿರಿ ಎಂದರು. ಮೊದಲೆರಡು ಸಾಲಿಗೆ ನಾನು ಗೆರೆ ಎಳೆಯಲಿಲ್ಲ. ಕೀಲಿ ಬಿದ್ದಿತ್ತು, ಅವಳು ಚಕ್ಕಡಿಯಲ್ಲಿ ಹಡೆದಳು. ಮೂರನೆಯದಕ್ಕೆ ಎಳೆದೆ. ಜನ ಆಡಿಕೊಳ್ಳುತ್ತಾರೆ ಎಂದು ಬರೆದು ಅವನು ಪಾರಾಗುತ್ತಾನಲ್ಲ ಎಂದು ಕೇಳಿದೆ. ಜನ ಆಡಿದ್ದನ್ನು ಅಚ್ಚು ಹಾಕಿದವನು ತಾನೇ ಆಡಿದ ಹಾಗೆ, ಆ ಚಿಂತೆ ಬೇಡ ಎಂದರು.

ಆ ಸಾಲನ್ನು ಅರ್ಜಿಯಲ್ಲಿ ಬರೆಯಬೇಕು, ನಕಲಿನಲ್ಲಿ ಬರೆಯಬೇಕು, ಪ್ರತಿವಾದಿಗೆ ಕೊಡುವ ಪ್ರತಿಯಲ್ಲಿ ಬರೆಯಬೇಕು. ಗುಮಾಸ್ತ ವೆಂಕಣ್ಣನವರು ಪ್ರತಿ ಸಲವೂ ಬರೆದದ್ದನ್ನು ತಾಳೆ ನೋಡಲು ಗಟ್ಟಿಯಾಗಿ ಓದುತ್ತಾರೆ, ಕೋರ್ಟಿನ ಪಡಸಾಲೆಯಲ್ಲಿ, ಹತ್ತು ಜನ ಕಕ್ಷಿದಾರರ ನಡುವೆ. ಸೇವೆಯಲ್ಲಿ ಮಗ್ನಳಾಗಿದ್ದಳೆಂದೂ, ಅಲ್ಪವಿರಾಮ ಇಲ್ಲ, ಎನ್ನುತ್ತಾರೆ. ಹೊಲದ ತಂಟೆಗೆ ಬಂದ ಗಂಡಸರು ತಿರುಗಿ ನೋಡುತ್ತಾರೆ. ಪೇಪರು ಒಂದು ಸಲ ಅಂದಿತು, ನನ್ನ ದಾವೆ ಐದು ಸಲ ಅಂದಿತು. ಮೊದಲೆರಡು ಸಲ ಕಿವಿ ಬಿಸಿಯಾಯಿತು. ಈಗ ಬೇರೆ ಯಾರದೋ ಸುದ್ದಿ ಕೇಳಿದ ಹಾಗೆ ಕೂತಿರುತ್ತೇನೆ.

ಇಷ್ಟರ ಮೇಲೆ ಇನ್ನೊಂದು ತೊಡಕು ಬಂತು. ಪೇಪರಿನಲ್ಲಿ ನನ್ನ ಹೆಸರಿಲ್ಲ, ಊರ ಹೆಸರಿಲ್ಲ. ಇದು ಇವಳದೇ ಸುದ್ದಿ ಎಂದು ಓದಿದವರು ಯಾರು ತಿಳಿದರು, ಅವರ ಹೆಸರು ಹೇಳಿ ಅರ್ಜಿಯಲ್ಲಿ ಬರೆಯಬೇಕು, ಅವರು ಬಂದು ಸಾಕ್ಷಿ ಹೇಳಬೇಕು. ಇದು ಬಹಳ ಸುಲಭ ಎಂದುಕೊಂಡೆ. ಊರಿಗೆ ಊರೇ ತಿಳಿದಿತ್ತಲ್ಲ! ಚಹಾದಂಗಡಿಯ ಅಮೋಘಸಿದ್ದಪ್ಪ ಆ ಸುದ್ದಿಯನ್ನು ಬಾಕಿನ ಮೇಲೆ ನಿಂತು ಓದಿ ಹೇಳಿದವನು. ಅವನನ್ನು ಕೇಳಿದರೆ ಎರಡೂ ಕಿವಿ ಹಿಡಿದುಕೊಂಡ. "ಛೇ ಛೇ ಬಾಯಾರ, ಅದು ನಿಮ್ಮ ಸುದ್ದಿ ಅಂತ ನಮಗ ಹೊಳೀಲೇ ಇಲ್ಲ. ನಿಮ್ಮಂಥವ್ರ ಮ್ಯಾಲ ಹಂಗ್ಯಾರ ತಿಳೀತಾರೇನು?" ಪಂಚಾಯತಿಯವರೂ ಹಾಗೇ ಅಂದರು. ಹಿಟ್ಟಿನ ಗಿರಣಿಯವನೂ ಹಾಗೇ ಅಂದ. ಬೇನೆ ಬಂದಾಗ ನನ್ನ ಕೈ ಹಿಡಿದು ಚೀರಿದ ಮನೆಗಳವರು, ಉಳಿದ ದಿನ ನಮ್ಮ ಓಣಿಯ ನೀರು ಮುಟ್ಟದವರು, ಎಲ್ಲರೂ ಒಂದೇ ಸಲ ದೊಡ್ಡ ಮನಸ್ಸಿನವರಾಗಿಬಿಟ್ಟರು. ನಂಬಿದವನು ಊರಲ್ಲಿ ಒಬ್ಬನೂ ಇಲ್ಲ. ಹಾಗಾದರೆ ಒಂದು ವರ್ಷ ನನ್ನನ್ನು ಹೆರಿಗೆಗೆ ಕರೆಯದೆ ಹೊಳೆಯಾಚೆಯ ಸೂಲಗಿತ್ತಿಯನ್ನು ಕರೆತಂದವರು ಯಾರು? ನಮ್ಮ ಜನ ಮಾನ ತೆಗೆಯುವಾಗಲೂ ಒಗ್ಗಟ್ಟು, ಮರ್ಯಾದೆ ಮಾಡುವಾಗಲೂ ಒಗ್ಗಟ್ಟು, ಎರಡರಿಂದಲೂ ನನಗೆ ನಷ್ಟವೇ.

ಆಗ ವಕೀಲರು ನಿಮ್ಮನ್ನು ಹಿಡಿದರು. "ಗಂಡ ಓದ್ಯಾನ, ಇದು ನನ್ನ ಹೇಣ್ತಿದೇ ಸುದ್ದಿ ಅಂತ ತಿಳದಾನ, ನಂಬ್ಯಾನ, ಬಿಟ್ಟ ಹೋಗ್ಯಾನ. ಇದಕಿಂತ ಘಟ್ಟಿ ಸಾಕ್ಷಿ ಬ್ಯಾರೆ ಯಾವುದದ?" ಎಂದು ಖುಷಿಯಿಂದ ಏಳನೆಯ ಕಲಂ ಹೇಳಿ ಬರೆಸಿದರು. "ವಾದಿಯ ಗಂಡನು ಸದರಿ ಬರಹವನ್ನು ಓದಿ, ಅದು ವಾದಿಯನ್ನು ಕುರಿತದ್ದೆಂದು ತಿಳಿದು, ನಿಜವೆಂದು ನಂಬಿ, ವಾದಿಯನ್ನು ತೊರೆದಿದ್ದಾನೆ." ನಿಮಗೆ ಸಮನ್ಸು ಕಳಿಸಿ ಕರೆಸುತ್ತೇವೆ, ಬಂದು ಹೌದು ಎಂದರೆ ಸಾಕು ಎಂದರು. ಅದು ನಿಮಗೂ ಅನುಕೂಲವೇ ಇತ್ತು. ನಿಮ್ಮ ಸೋಡಚೀಟಿಯಲ್ಲಿ ಇರುವುದೂ ಅದೇ ಮಾತು.

ದಾವೆಯ ಕೊನೆಗೆ ಒಂದು ಸಾಲಿರುತ್ತದೆ, ನೀವು ನೋಡಿರಲಿಕ್ಕಿಲ್ಲ. ಮೇಲಿನ ಕಲಂಗಳಲ್ಲಿ ಬರೆದದ್ದು ನನ್ನ ಸ್ವಂತ ತಿಳಿವಳಿಕೆಗೆ ನಿಜ ಎಂದು ಅದರ ಕೆಳಗೆ ವಾದಿ ಸಹಿ ಮಾಡಬೇಕು. ನಾನು ಏಳನೆಯ ಕಲಂ ಎರಡು ಸಲ ಓದಿದೆ. ಆಮೇಲೆ ಅದನ್ನು ತೆಗೆದುಬಿಡಿ ಎಂದೆ. ವಕೀಲರು ಯಾಕೆ ಎಂದರು. ಗಂಡನನ್ನು ಕೋರ್ಟಿಗೆ ಎಳೆಯಲು ಮನಸ್ಸಿಲ್ಲ ಎಂದು ಹೇಳಿದೆ. ಅವರು ಹೆಂಗಸರ ಸ್ವಭಾವ ಎಂದು ತಲೆಯಾಡಿಸಿದರು.

ಕಾರಣ ಅದಲ್ಲ. ನೀವು ನಂಬಲಿಲ್ಲ, ಮಾಸ್ತರರೇ. ನಿಮಗೆ ಗೊತ್ತಿತ್ತು. ಆ ಮಂಗಳವಾರ ಮಧ್ಯಾಹ್ನ ನೀವು ಜ್ವರ ಬಂದು ಮಲಗಿದ್ದೀರಿ ಎಂದು ಬಸ್ಸಿನ ಕಂಡಕ್ಟರನ ಕೈಲಿ ಚೀಟಿ ಕಳಿಸಿದಿರಿ. ರಜೆ ಕೇಳಲು ಡಾಕ್ಟರು ಊರಲ್ಲಿರಲಿಲ್ಲ. ದವಾಖಾನೆಗೆ ಕೀಲಿ ಹಾಕಿ ರಾಮದುರ್ಗಕ್ಕೆ ಬಂದೆ. ನಿಮ್ಮ ಮನೆ ಮಾಲೀಕರು ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದರು, ಮನೆಯಲ್ಲಿ ಬೆಕ್ಕೂ ಇರಲಿಲ್ಲ. ನಿಮ್ಮ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಬೆಳಗು ಮಾಡಿದೆ, ಮೊದಲ ಬಸ್ಸಿಗೆ ತಿರುಗಿ ಬಂದೆ. ಹೊರಡುವಾಗ ನನ್ನ ಕೈ ಹಿಡಿದು, ನೀ ಬಂದಿದ್ದಕ್ಕೆ ಬದುಕಿದೆ ಎಂದಿರಿ. ಹನ್ನೆರಡು ದಿನಕ್ಕೆ ಅತ್ತೆಯವರನ್ನೂ ಇಬ್ಬರು ಹಿರಿಯರನ್ನೂ ಕರೆದುಕೊಂಡು ಬಂದು ಆ ಪೇಪರನ್ನು ನನ್ನ ಮುಂದೆ ಹಾಕಿದಿರಿ. ಇದಕ್ಕೆ ಏನು ಹೇಳುತ್ತೀ ಎಂದು ಅತ್ತೆ ಕೇಳಿದರು. ನಾನು ನಿಮ್ಮ ಮುಖ ನೋಡಿದೆ. ನೀವು ತಲೆ ಎತ್ತಿ ಮಾಳಿಗೆಯ ಜಂತಿ ನೋಡಿದಿರಿ.

ಒಂದು ವರ್ಷ ನಾನು ಆ ಜಂತಿಯನ್ನೇ ಯೋಚಿಸಿದ್ದೇನೆ. ಏಳು ವರ್ಷ ಮಕ್ಕಳಾಗದ ಹೆಂಡತಿಯನ್ನು ಬಿಡಲು ನಿಮಗೆ ಬಾಯಿ ಬರಲಿಲ್ಲ, ಪೇಪರ್ ಬಂದು ಆ ಕೆಲಸ ಮಾಡಿಕೊಟ್ಟಿತು. ಇಷ್ಟೇ ಅಲ್ಲವೇ? ಅವತ್ತು ನಾನೇ ಹೇಳಬಹುದಿತ್ತು. ಇವರ ಹತ್ತಿರವೇ ಇದ್ದೆ ಎಂದು ನಾನು ಹೇಳಿ, ನೀವು ಇಲ್ಲ ಎಂದುಬಿಟ್ಟಿದ್ದರೆ? ಆ ಹೆದರಿಕೆಗೆ ಸುಮ್ಮನಾದೆ. ಸುಮ್ಮನಿದ್ದದ್ದೂ ಅಲ್ಲದೆ ಒಂದು ಸುಳ್ಳನ್ನೂ ಬರೆದೆ. ಕೇಂದ್ರ ಬಿಟ್ಟು ಎಲ್ಲಿಗೆ ಹೋಗಿದ್ದೆ ಎಂದು ಮೇಲಿನಿಂದ ಮೆಮೊ ಬಂದಾಗ, ತೋಟಪಟ್ಟಿಯ ಮನೆಗಳಿಗೆ ತಪಾಸಣೆಗೆ ಹೋಗಿದ್ದೆ ಎಂದು ಉತ್ತರ ಕೊಟ್ಟೆ. ರಜೆಯಿಲ್ಲದೆ ಊರು ಬಿಟ್ಟೆ ಎಂದರೆ ನೌಕರಿ ಹೋಗುತ್ತಿತ್ತು. ನಮ್ಮ ಓಣಿಯಲ್ಲಿ ಸರಕಾರಿ ಆರ್ಡರು ಕೈಯಲ್ಲಿ ಹಿಡಿದ ಮೊದಲ ಹೆಣ್ಣು ನಾನು. ಆದ್ದರಿಂದ ನಿಮ್ಮನ್ನು ಪೂರಾ ಬೈಯುವ ಯೋಗ್ಯತೆಯೂ ನನಗೆ ಉಳಿದಿಲ್ಲ.

ಏಳನೆಯ ಕಲಮಿಗೆ ಈಗ ಕೆಂಪವ್ವ ಬರುತ್ತಾಳೆ. ನಾನು ಕೇಳಲು ಹೋಗಿರಲಿಲ್ಲ, ಸಾಕ್ಷಿ ಸಿಗುತ್ತಿಲ್ಲ ಎಂದು ಅವಳೇ ಕೇಳಿ ತಿಳಿದು ಬಂದು ಬಾಗಿಲಲ್ಲಿ ನಿಂತಳು. "ನಾ ತಿಳ್ಕೊಂಡಿದ್ನಿರಿ ಬಾಯಾರ. ಊರಾಗ ನರ್ಸಬಾಯಿ ಎಷ್ಟ ಮಂದಿ ಅದಾರ? ಅಮೋಘಸಿದ್ದ ಓದಿದ, ನೀವಽ ಅಂತ ತಿಳದ್ನಿ. ನಂಬಿದ್ನಿ ಸುದ್ದಾ. ಅದಕಽ ವರ್ಸಗಟ್ಲೆ ಬಾಗಲಕ್ಕ ಬಂದ್ರೂ ಕುಂತ್ರಿ ಅನ್ನಲಿಲ್ಲ. ಎಲ್ಲಿ ಬೇಕಾದಲ್ಲಿ ಹೇಳತೇನಿ" ಅಂದಳು. ಈ ಮಾತು ಕೇಳಿ ನನಗೆ ಅಳು ಬಂತು. ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನ ಮುಖಕ್ಕೆ ನಿಜ ಹೇಳಿದ್ದರು, ಅದೂ ನನಗೆ ಕಹಿಯಾದ ನಿಜ. ಈಗಲೂ ನಂಬುತ್ತೀಯಾ ಎಂದು ಕೇಳಿದೆ. ಕಾಲ್ಬೆರಳಿನಿಂದ ನೆಲ ಕೆದರಿದಳು. "ಸೊಸಿ ಹಡದ ಮರುದಿವಸ ನೀವು ಮೊದಲನೇ ಬಸ್ಸಿಗೆ ರಾಮದುರ್ಗದ ಕಡಿಂದ ಇಳದ್ರಿ, ನಾ ನೋಡೇನಿ. ಕಾಲವಿ ಬಂಗಲೇಕ ಹೋದಾಕಿ ಆ ಕಡಿಂದ ಯಾಕ ಬರತಾಳ? ಮಾಸ್ತರಿಗೆ ಆರಾಮ ಇರಲಿಲ್ಲೇನು?" ನಾನು ಸವದತ್ತಿಯ ಬಸ್ಸಿನ ಹೊತ್ತು ಹೇಳಿ ಕಳಿಸಿದೆ.

ನಾಳೆ ಬಿಟ್ಟು ನಾಡಿದ್ದು ಅವಳನ್ನು ಕರೆದುಕೊಂಡು ಸವದತ್ತಿಗೆ ಹೋಗಿ ಸಹಿ ಮಾಡಿ ದಾವೆ ಹಾಕುತ್ತೇನೆ. ನಿಮ್ಮ ಸುದ್ದಿ ಅದರಲ್ಲಿ ಎಲ್ಲಿಯೂ ಇಲ್ಲ. ಆರನೆಯ ಕಲಮಿನಲ್ಲಿ ನಾನು ಆ ಸಂಜೆ ತೋಟಪಟ್ಟಿಯಲ್ಲಿದ್ದೆ ಎಂದಿದೆ. ಮೆಮೊಗೆ ಬರೆದದ್ದೇ ಇಲ್ಲಿಯೂ. ಅದು ಹಾಗೇ ಇರಲಿ, ನಿಮಗೂ ಸಮಾಧಾನ, ನನ್ನ ನೌಕರಿಗೂ ಸಮಾಧಾನ. ನನಗೆ ಇನ್ನು ಯಾರ ಸಂಗಡವೂ ಜಗಳಾಡುವ ತ್ರಾಣವಿಲ್ಲ.

ನಿಮ್ಮಿಂದ ಒಂದೇ ಒಂದು ಬೇಡುತ್ತೇನೆ. ಚೀಟಿಯಲ್ಲಿನ ಆ ಕಾರಣದ ಸಾಲನ್ನು ತೆಗೆದು, ಮಕ್ಕಳಾಗಲಿಲ್ಲ ಎಂದು ಬೇಕಾದರೂ ಬರೆದು, ಬೇರೆ ಕಳಿಸಿರಿ. ಅದೇ ದಿನ ಸಹಿ ಮಾಡಿ ಕಾಕಾನ ಕೈಗೆ ಕೊಡುತ್ತೇನೆ. ಗೋಕಾಕದ ಹುಡುಗಿಗೆ ಒಳ್ಳೆಯದಾಗಲಿ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಬೇಕೋ ಬಿಡಬೇಕೋ ನಿಮಗೆ ತಿಳಿದ ಹಾಗೆ ಮಾಡಿರಿ.

ಇಂತಿ,
ದಣಿದಿರುವ
ಸಾವಂತ್ರೆವ್ವ

ತಾ. ಕ.: ಬುಧವಾರ, ೧೩ನೇ ತಾರೀಖು, ಸಂಜೆ. ಕಾಗದ ಟಪಾಲಿಗೆ ಹಾಕಿರಲಿಲ್ಲ, ಒಳ್ಳೆಯದೇ ಆಯಿತು. ಮೇಲೆ ಬರೆದದ್ದನ್ನು ಹೊಡೆದು ಹಾಕುತ್ತಿಲ್ಲ, ಸೋಮವಾರ ನನ್ನ ಮನಸ್ಸು ಹಾಗೇ ಇತ್ತು.

ಇವತ್ತು ಸವದತ್ತಿಯಲ್ಲಿ ವೆಂಕಣ್ಣನವರು ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ಕೆಂಪವ್ವ ನನ್ನ ಪಕ್ಕ ಕೂತು ಕೇಳುತ್ತಿದ್ದಳು. ಆರನೆಯ ಕಲಂ ಬಂದಾಗ, ತೋಟಪಟ್ಟಿ ಎಂಬ ಶಬ್ದಕ್ಕೆ, ಅವಳು ನನ್ನ ಕಡೆ ಒಮ್ಮೆ ನೋಡಿ ಸೆರಗು ಸರಿಮಾಡಿಕೊಂಡಳು. ಕೊನೆಗೆ ಸ್ವಂತ ತಿಳಿವಳಿಕೆಗೆ ನಿಜ ಎಂದು ಓದಿ ಪೆನ್ನು ನನ್ನ ಕೈಗೆ ಕೊಟ್ಟರು. ನಂಬಿದ್ದೆ ಎಂದು ನಿಜ ಹೇಳಲು ಹೊಲದ ಕೆಲಸ ಬಿಟ್ಟು ಬಂದ ಮುದುಕಿಯ ಪಕ್ಕದಲ್ಲಿ ಕೂತು ಆ ಸುಳ್ಳಿನ ಕೆಳಗೆ ಸಹಿ ಮಾಡಲು ನನ್ನ ಕೈ ಏಳಲಿಲ್ಲ. ಆರನೆಯ ಕಲಂ ತಪ್ಪಿದೆ, ನಾನು ಅವತ್ತು ರಾಮದುರ್ಗದಲ್ಲಿದ್ದೆ, ಮೆಮೊಗೆ ಕೊಟ್ಟ ಉತ್ತರವೂ ಸುಳ್ಳು ಎಂದೆ. ವಕೀಲರು ನಶ್ಯದ ಡಬ್ಬಿ ಕೆಳಗಿಟ್ಟರು. ಇದರಿಂದ ನೌಕರಿ ಹೋಗಬಹುದು, ಗೊತ್ತದ ಇಲ್ಲೋ ಎಂದರು. ಗೊತ್ತಿದೆ ಎಂದೆ.

ದಾವೆ ಇವತ್ತೇ ದಾಖಲಾಯಿತು. ಸಾಕ್ಷಿಯ ಸಮನ್ಸು ನಿಮ್ಮ ಸಾಲಿಯ ವಿಳಾಸಕ್ಕೆ ಬರುತ್ತದೆ. ನಿಮಗೆ ಕೇಳುವುದು ಒಂದೇ ಪ್ರಶ್ನೆ, ಉತ್ತರ ಹೌದು ಅಥವಾ ಇಲ್ಲ. ಮುನ್ಸೀಫರ ಕೋಣೆಗೆ ಜಂತಿಯಿಲ್ಲ, ಬರೀ ಸಪಾಟು ಮಾಳಿಗೆ.

ಇನ್ನೊಂದು ಹೇಳುವುದಿದೆ. ಎಂಟು ವರ್ಷದಲ್ಲಿ ನಿಮ್ಮ ಹೆಸರನ್ನು ನಾನು ಬಾಯಿಂದ ಹೇಳಿದವಳಲ್ಲ. ಲಗ್ನದಲ್ಲಿ ಒಡಪು ಕಟ್ಟಿ ಹೇಳಿದ್ದೇ ಕೊನೆ. ಇಂಥವರ ಹೆಂಡತಿ ಎಂದು ದಾವೆಯ ತಲೆಬರಹಕ್ಕೆ ಬೇಕಾದಾಗಲೂ ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಇವತ್ತು ವೆಂಕಣ್ಣನವರು ಹೊಸ ಆರನೆಯ ಕಲಂ ಬರೆಯುತ್ತ, ರಾಮದುರ್ಗದಲ್ಲಿ ಯಾರ ಮನೆಯಲ್ಲಿದ್ದಿರಿ ಎಂದು ಕೇಳಿದರು. "ನನ್ನ ಗಂಡ ದುರ್ಗಪ್ಪನ ಮನ್ಯಾಗ" ಎಂದೆ. ಅವರಿಗೆ ಕಿವಿ ಸ್ವಲ್ಪ ಮಂದ. ಇನ್ನೊಮ್ಮೆ ಹೇಳಿರಿ ಎಂದರು. ಪಡಸಾಲೆಯ ಮಂದಿಯೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ.